ಸದ್ದು ಊರು ಬಿಟ್ಟ ರಾತ್ರಿ

ಹಾಂಗ್‌ಕಾಂಗಿನ ಹಳೆಯ ವಿಮಾನ ನಿಲ್ದಾಣದ ಹೆಸರು ಕೈ ಟಾಕ್. ಅದು ಇಬ್ಬರು ಮನುಷ್ಯರ ಹೆಸರಿನಿಂದ ಒಂದೊಂದು ತುಣುಕು ತೆಗೆದು ಜೋಡಿಸಿದ ಹೆಸರು. ಒಬ್ಬರು ಸರ್ ಹೋ ಕೈ. ಅಬರ್ಡೀನ್‌ನಲ್ಲಿ ವೈದ್ಯಕೀಯ ಓದಿ, ಲಂಡನ್ನಿನಲ್ಲಿ ವಕೀಲಿ ಕಲಿತು ಬಂದವರು, ಹಾಂಗ್‌ಕಾಂಗಿನ ಶಾಸನ ಸಭೆಯಲ್ಲಿ ಕೂತವರು. ಸನ್ ಯಾತ್ ಸೆನ್ ಓದಿದ ವೈದ್ಯಕೀಯ ಕಾಲೇಜನ್ನು ಕಟ್ಟಿದವರ ಸಾಲಿನಲ್ಲಿ ಅವರ ಹೆಸರೂ ಇದೆ. ಇನ್ನೊಬ್ಬರು ವ್ಯಾಪಾರಿ ಔ ಟಾಕ್. 1910ರ ದಶಕದಲ್ಲಿ ಇವರಿಬ್ಬರ ಕಂಪನಿ ಕೌಲೂನ್ ಕೊಲ್ಲಿಯ ದಂಡೆಗೆ ಮಣ್ಣು ತುಂಬಲು ಹೊರಟಿತ್ತು. ಸಮುದ್ರವನ್ನು ಹಿಂದಕ್ಕೆ ತಳ್ಳಿ, ಸಿಕ್ಕ ನೆಲದಲ್ಲಿ ಮನೆ ಕಟ್ಟಿ ಮಾರಬೇಕೆಂಬುದು ಲೆಕ್ಕ. ವಿಮಾನದ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ.

ಹೋ ಕೈ 1914ರಲ್ಲಿ ತೀರಿಕೊಂಡರು. ಔ ಟಾಕ್ ಕೂಡ ಕೆಲಸ ಮುಗಿದದ್ದನ್ನು ನೋಡಲಿಲ್ಲ. ಕಂಪನಿ ನಷ್ಟಕ್ಕೆ ಬಿತ್ತು. ಮನೆ ಏಳಬೇಕಿದ್ದ ಜಾಗದ ಒಂದು ಭಾಗ ಹುಲ್ಲು ಬೆಳೆದು ಖಾಲಿ ಬಿದ್ದಿತ್ತು. 1925ರ ಚೀನೀ ಹೊಸ ವರ್ಷದ ದಿನ ಹ್ಯಾರಿ ಅಬ್ಬಟ್ ಎಂಬ ಅಮೆರಿಕನ್ ಅಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆ ತೆರೆದ. ಶಾಲೆ ಬೇಗನೆ ಮುಚ್ಚಿತು. ಆದರೆ ನೆಲ ಸಮತಟ್ಟಾಗಿದೆ, ವಿಮಾನ ಇಳಿಯಬಹುದು ಎಂಬ ಮಾತು ಸರ್ಕಾರದ ಕಿವಿಗೆ ಬಿದ್ದಿತ್ತು. 1927ರಲ್ಲಿ ಸರ್ಕಾರವೇ ನೆಲ ಕೊಂಡಿತು, ವಾಯುಪಡೆ ಬಂತು. 1936ರ ಮಾರ್ಚಿನಲ್ಲಿ ಇಂಪೀರಿಯಲ್ ಏರ್‌ವೇಸ್‌ನ ಪುಟ್ಟ ವಿಮಾನವೊಂದು ಪೆನಾಂಗ್‌ನಿಂದ ಬಂದಿಳಿಯಿತು. ಅದರಲ್ಲಿ ಟಪಾಲು ಚೀಲಗಳಿದ್ದವು, ಅವುಗಳ ಜೊತೆ ಒಬ್ಬನೇ ಒಬ್ಬ ಪ್ರಯಾಣಿಕನಿದ್ದ.

ಹೀಗೆ ಮನೆಗೆಂದು ಮಾಡಿದ ನೆಲದ ಮೇಲೆ ವಿಮಾನ ಕೂತಿತು. ಮುಂದಿನ ಅರವತ್ತು ವರ್ಷ ಆ ಊರಿನ ಜನ ತಮ್ಮ ಮನೆಗಳಲ್ಲಿ ಕೂತು ಅನುಭವಿಸಿದ್ದೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದ್ದು. ವಿಮಾನದ ಸದ್ದು ಆಕಾಶದಿಂದ ಬರುತ್ತದೆ ಎಂದು ನಾವು ತಲೆ ಎತ್ತಿ ನೋಡುತ್ತೇವೆ. ಅದು ಯಾರ ಮನೆಯ ಮೇಲೆ ಬೀಳಬೇಕೆಂದು ಗೊತ್ತುಮಾಡುವುದು ಮಾತ್ರ ನೆಲದ ಮೇಲಿನ ನಕ್ಷೆ. ಎಲ್ಲಿ ರನ್‌ವೇ, ಎಲ್ಲಿ ಬಡಾವಣೆ, ಎಲ್ಲಿಂದ ಎಲ್ಲಿಗೆ ರೈಲು ಎಂದು ಬರೆದ ನಕ್ಷೆ. ಕೈ ಟಾಕ್‌ನ ಚರಿತ್ರೆಯನ್ನು ಹೀಗೆ ನೆಲದ ಕಡೆಯಿಂದ ಓದಿದರೆ ಹೆಚ್ಚು ಅರ್ಥವಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಹಾಂಗ್‌ಕಾಂಗನ್ನು ಹಿಡಿದರು. ರನ್‌ವೇ ದೊಡ್ಡದಾಗಬೇಕಿತ್ತು, ಕಲ್ಲು ಬೇಕಿತ್ತು. ಪಕ್ಕದಲ್ಲೇ ಇದ್ದ ಕೌಲೂನ್ ಕೋಟೆಯೂರಿನ ಹಳೆಯ ಗೋಡೆಯನ್ನು ಯುದ್ಧಕೈದಿಗಳ ಕೈಯಿಂದ ಒಡೆಸಿ ಆ ಕಲ್ಲನ್ನು ಬಳಸಿದರು. ಸುಂಗ್ ವಾಂಗ್ ತೊಯ್ ಎಂಬ ಗುಡ್ಡವೊಂದಿತ್ತು. ಹದಿಮೂರನೆಯ ಶತಮಾನದಲ್ಲಿ ಮಂಗೋಲರಿಂದ ತಪ್ಪಿಸಿಕೊಂಡು ಬಂದ ಸುಂಗ್ ವಂಶದ ಬಾಲ ಅರಸರು ಅಲ್ಲಿ ಆಸರೆ ಪಡೆದಿದ್ದರೆಂದು ಜನ ನಂಬುತ್ತಿದ್ದರು. ಅವರ ನೆನಪಿಗೆ ಅಕ್ಷರ ಕೆತ್ತಿದ ಬಂಡೆ ಗುಡ್ಡದ ತುದಿಯಲ್ಲಿತ್ತು. ಆ ಗುಡ್ಡವನ್ನೂ ಸಿಡಿಸಲಾಯಿತು. ಬಂಡೆಯಲ್ಲಿ ಅಕ್ಷರವಿದ್ದ ಭಾಗ ಹೇಗೋ ಉಳಿಯಿತು. ಅದನ್ನು ಚೌಕವಾಗಿ ಕತ್ತರಿಸಿ ಹತ್ತಿರದ ಸಣ್ಣ ಉದ್ಯಾನದಲ್ಲಿ ಇಂದಿಗೂ ನಿಲ್ಲಿಸಿದ್ದಾರೆ.

ಯುದ್ಧ ಮುಗಿದಾಗ ಹಾಂಗ್‌ಕಾಂಗಿನಲ್ಲಿ ಉಳಿದಿದ್ದವರು ಆರು ಲಕ್ಷ ಜನ. ಚೀನಾದ ಅಂತರ್ಯುದ್ಧ, ಆಮೇಲಿನ ರಾಜ್ಯಬದಲಾವಣೆ ಜನರನ್ನು ಗಡಿ ದಾಟಿಸಿತು. ಹತ್ತೇ ವರ್ಷದಲ್ಲಿ ಜನಸಂಖ್ಯೆ ಇಪ್ಪತ್ತು ಲಕ್ಷ ಮೀರಿತು. ಬಂದವರು ಎಲ್ಲಿಗೆ ಹೋಗಬೇಕು? ಕೆಲಸ ಸಿಗುವ ಕಡೆ, ಬಾಡಿಗೆ ಕಡಿಮೆ ಇರುವ ಕಡೆ. ಕೌಲೂನಿನ ಬೀದಿಗಳು ತುಂಬಿದವು. ಪುನರ್ವಸತಿ ಕಟ್ಟಡಗಳು ಎದ್ದವು. ನಿಲ್ದಾಣದ ಬೇಲಿಯವರೆಗೂ ಮನೆಗಳು ಬಂದವು. ಅದೇ ಹೊತ್ತಿಗೆ ವಿಮಾನಗಳೂ ದೊಡ್ಡದಾಗತೊಡಗಿದ್ದವು. 1958ರ ಸೆಪ್ಟೆಂಬರಿನಲ್ಲಿ ಕೊಲ್ಲಿಯ ಒಳಗೆ ಬೆರಳು ಚಾಚಿದಂತೆ ಹೊಸ ರನ್‌ವೇ ತೆರೆಯಿತು. ಮೂರು ಕಡೆ ನೀರು, ಒಂದು ಕಡೆ ಊರು. 1970ರ ದಶಕದ ನಡುವಿನ ಹೊತ್ತಿಗೆ ಅದನ್ನು 3,390 ಮೀಟರಿಗೆ ಬೆಳೆಸಿದರು. ಅಷ್ಟರಲ್ಲಿ ಬೋಯಿಂಗ್ 747 ಬಂದಾಗಿತ್ತು.

ಆಗ್ನೇಯದ ತುದಿಯಿಂದ ಇಳಿದರೆ ಸಮುದ್ರದ ಮೇಲಿಂದ ನೇರವಾಗಿ ಬರಬಹುದಿತ್ತು. ಗಾಳಿ ಬೇರೆ ಕಡೆಯಿಂದ ಬೀಸಿದ ದಿನ ವಾಯವ್ಯದಿಂದ, ಅಂದರೆ ಊರಿನ ಮೇಲಿಂದ ಇಳಿಯಬೇಕು. ಅತ್ತ ಬೆಟ್ಟಗಳ ಸಾಲು, ಅದರ ನಡುವೆ 495 ಮೀಟರ್ ಎತ್ತರದ ಸಿಂಹಶಿಲೆ. ನೇರ ದಾರಿ ಇಲ್ಲ. ಅದಕ್ಕಾಗಿ ವಿಮಾನ ಪಶ್ಚಿಮದಿಂದ ಬಂದು, ಷಾಮ್ ಷೂಯ್ ಪೋ ಬಡಾವಣೆಯ ತಾರಸಿಗಳ ಮೇಲೆ ಇಳಿಯುತ್ತ, ಒಂದು ಗುಡ್ಡದ ಕಡೆ ಮುಖಮಾಡಿ ಹಾರಬೇಕಿತ್ತು. ಆ ಗುಡ್ಡದ ಮೈಗೆ ಚದುರಂಗದ ಹಾಸಿನಂತೆ ಕಿತ್ತಳೆ-ಬಿಳಿ ಚೌಕಗಳನ್ನು ಬಳಿದಿದ್ದರು. ಚೌಕ ಕಂಡ ಪೈಲಟ್ 47 ಡಿಗ್ರಿ ಬಲಕ್ಕೆ ತಿರುಗಬೇಕು. ಯಂತ್ರ ಅಲ್ಲಿಯವರೆಗಷ್ಟೇ ದಾರಿ ತೋರಿಸುತ್ತಿತ್ತು. ತಿರುವನ್ನು ಕಣ್ಣಳತೆಯಲ್ಲಿ, ಕೈಯಲ್ಲೇ ಮಾಡಬೇಕು. ತಿರುಗಿ ಮುಗಿಸುವಷ್ಟರಲ್ಲಿ ಕೌಲೂನ್ ಸಿಟಿಯ ಬೀದಿಗಳು ರೆಕ್ಕೆಯ ಕೆಳಗಿರುತ್ತಿದ್ದವು, ರನ್‌ವೇ ಮುಂದೆಯೇ ಇರುತ್ತಿತ್ತು.

ಪ್ರಯಾಣಿಕರು ಈ ಇಳಿತವನ್ನು ಜೀವಮಾನವಿಡೀ ಹೇಳಿಕೊಂಡು ತಿರುಗಿದರು. ಕಿಟಕಿಯಲ್ಲಿ ಯಾರದೋ ಮನೆಯ ಟಿವಿ ಕಂಡಿತು, ಬಿದಿರುಗಳಕ್ಕೆ ಒಣಹಾಕಿದ ಬಟ್ಟೆ ಕಂಡಿತು ಎನ್ನುವ ಮಾತುಗಳು ಇಂದಿಗೂ ಚಾಲ್ತಿಯಲ್ಲಿವೆ. ಆ ಬಟ್ಟೆ ಒಣಹಾಕಿದವಳ ಕಡೆಯಿಂದ ಇದೇ ಕಥೆಯನ್ನು ಕೇಳಿದವರು ಕಡಿಮೆ. ಮಗುವನ್ನು ಮಲಗಿಸುವುದು, ಫೋನಿನಲ್ಲಿ ಮಾತಾಡುವುದು, ಕಾಯಿಲೆಯಲ್ಲಿ ಮಲಗಿದವರನ್ನು ನೋಡಿಕೊಳ್ಳುವುದು ಎಲ್ಲವೂ ವಿಮಾನಗಳ ನಡುವಿನ ಬಿಡುವಿನಲ್ಲಿ ಆಗಬೇಕಿತ್ತು. ಶಾಲೆಗಳಲ್ಲಿ ಮೇಷ್ಟ್ರು ವಾಕ್ಯದ ನಡುವೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಉಳಿದರ್ಧ ಹೇಳುತ್ತಿದ್ದರು. ದಿನಕ್ಕೆ ಎಷ್ಟು ಸಲ! ಮಕ್ಕಳು ಅದಕ್ಕೆ ಒಗ್ಗಿಹೋಗುತ್ತಾರೆ ಎನ್ನುವುದು ಸುಲಭದ ಮಾತು. ಒಗ್ಗುವುದು ಎಂದರೆ ಅರ್ಧ ವಾಕ್ಯವನ್ನು ಕೇಳಿಸಿಕೊಳ್ಳುವುದನ್ನೇ ಬಿಡುವುದೂ ಇರಬಹುದು.

ಸರ್ಕಾರ ಸುಮ್ಮನಿರಲಿಲ್ಲ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ವಿಮಾನಗಳಿಗೆ ನಿರ್ಬಂಧ ಹಾಕಿತು. 1986ರಲ್ಲಿ ವಿಮಾನದ ಸದ್ದಿಗೆಂದೇ ಪ್ರತ್ಯೇಕ ಕಾನೂನು ತಂದಿತು. ಸದ್ದು ಹೆಚ್ಚು ಬೀಳುವ ಶಾಲೆಗಳ ಕಿಟಕಿಗೆ ಎರಡು ಪದರದ ಗಾಜು, ಕೋಣೆಗೆ ಏಸಿ ಹಾಕಿಸಿತು. ಗಾಜು ಸದ್ದನ್ನು ತಡೆಯುತ್ತದೆ ನಿಜ. ಆದರೆ ಅದು ತಡೆಯಬೇಕಾದರೆ ಕಿಟಕಿ ಸದಾ ಮುಚ್ಚಿರಬೇಕು. ಏಸಿ ಇಲ್ಲದ ಬಾಡಿಗೆ ಕೋಣೆಯಲ್ಲಿ ಹಾಂಗ್‌ಕಾಂಗಿನ ಬೇಸಿಗೆಯ ಸೆಖೆಗೆ ಕಿಟಕಿ ಮುಚ್ಚಿ ಬದುಕುವುದು ಎಷ್ಟು ಜನಕ್ಕೆ ಸಾಧ್ಯ?

ಅಂಕಿಗಳನ್ನು ನೋಡಿದರೆ ಒತ್ತಡ ಎಷ್ಟಿತ್ತೆಂದು ತಿಳಿಯುತ್ತದೆ. ವರ್ಷಕ್ಕೆ 2.4 ಕೋಟಿ ಜನರಿಗೆಂದು ಇದ್ದ ಟರ್ಮಿನಲ್‌ನಲ್ಲಿ 1996ರಲ್ಲಿ 2.95 ಕೋಟಿ ಜನ ಹತ್ತಿಳಿದರು. ರನ್‌ವೇ ಒಂದೇ. ಅಂತರರಾಷ್ಟ್ರೀಯ ಸರಕು ಸಾಗಣೆಯಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನ. ಊರಿನ ಕಡೆಯ ಅಂಕಿಯೂ ಸಣ್ಣದಲ್ಲ: ತೀವ್ರ ಸದ್ದಿನ ವಲಯದಲ್ಲಿ ಬದುಕುತ್ತಿದ್ದವರು 3,80,000 ಜನ. ಒಂದು ಜಿಲ್ಲಾ ಕೇಂದ್ರದಷ್ಟು ಮಂದಿ.

ವಿಮಾನದಿಂದ ಊರಿನ ಆಕಾರವೂ ಬದಲಾಗಿತ್ತು. ಹಾರುದಾರಿಗೆ ಅಡ್ಡ ಬರಬಾರದೆಂದು ಕೌಲೂನಿನ ಕಟ್ಟಡಗಳ ಎತ್ತರಕ್ಕೆ ಮಿತಿ ಇತ್ತು. ಕೊಲ್ಲಿಯ ಆಚೆ ದಂಡೆಯಲ್ಲಿ ಗೋಪುರಗಳು ಏಳುತ್ತಿದ್ದರೆ, ಈಚೆ ದಂಡೆಯಲ್ಲಿ ಕತ್ತರಿಸಿದ ಬೇಲಿಯಂತೆ ಒಂದೇ ಮಟ್ಟದ ತಾರಸಿಗಳು. ಯಾವ ಕಾಯ್ದೆಯೂ ಸರಿಯಾಗಿ ನಡೆಯದ ಕೌಲೂನ್ ಕೋಟೆಯೂರಿನಲ್ಲೂ ಈ ಒಂದು ಮಿತಿ ನಡೆಯಿತು. 1987ರಲ್ಲಿ ಸುಮಾರು 33,000 ಜನ ಒಬ್ಬರ ಮೇಲೊಬ್ಬರಂತೆ ಬದುಕುತ್ತಿದ್ದ ಆ ಜಾಗದಲ್ಲಿ ಕಟ್ಟಡಗಳು ಹದಿನಾಲ್ಕು ಅಂತಸ್ತಿನ ಆಸುಪಾಸಿಗೆ ನಿಂತದ್ದು ವಿಮಾನಗಳ ಕಾರಣಕ್ಕೆ.

ಇಲ್ಲೊಂದು ವಿಚಾರವನ್ನು ಗಮನಿಸಬೇಕು. ಎತ್ತರಕ್ಕೆ ಗೆರೆ ಎಳೆಯಲು ಯಾರೂ ಹಿಂಜರಿಯಲಿಲ್ಲ, ಏಕೆಂದರೆ ಅಲ್ಲಿ ವಿಮಾನಕ್ಕೆ ಅಪಾಯವಿತ್ತು. ಸದ್ದಿಗೆ ಗೆರೆ ಎಳೆಯುವ ಹೊತ್ತಿಗೆ ಜನ ಅಲ್ಲಿ ಮನೆ ಮಾಡಿ ಎರಡು ತಲೆಮಾರು ಕಳೆದಿತ್ತು.

ನಿಲ್ದಾಣವನ್ನು ಬೇರೆಡೆಗೆ ಒಯ್ಯುವ ಮಾತು 1970ರ ದಶಕದಲ್ಲೇ ಇತ್ತು. ಲಾಂಟಾವ್ ದ್ವೀಪದ ಉತ್ತರಕ್ಕೆ ಚೆಕ್ ಲಾಪ್ ಕಾಕ್ ಎಂಬ ಚಿಕ್ಕ ದ್ವೀಪವನ್ನು ಗುರುತಿಸಿದ್ದೂ ಆಗಲೇ. ಖರ್ಚು ಕಂಡು, ರಾಜಕೀಯ ಅತಂತ್ರ ಕಂಡು 1983ರಲ್ಲಿ ಕೈಬಿಟ್ಟರು. ಮತ್ತೆ ಕೈಗೆತ್ತಿಕೊಂಡದ್ದು 1989ರ ಅಕ್ಟೋಬರಿನಲ್ಲಿ. ತಿಯಾನನ್‌ಮೆನ್ ಚೌಕದ ಘಟನೆಯಾಗಿ ನಾಲ್ಕೇ ತಿಂಗಳು. ಹಾಂಗ್‌ಕಾಂಗಿನ ಜನ ದಿಗಿಲುಬಿದ್ದಿದ್ದರು, ಹಣವಂತರು ವಲಸೆಯ ಅರ್ಜಿ ತುಂಬುತ್ತಿದ್ದರು. ಊರಿಗೆ ಭವಿಷ್ಯವಿದೆ ಎಂದು ತೋರಿಸಲು ಗವರ್ನರ್ ಡೇವಿಡ್ ವಿಲ್ಸನ್ ಈ ಭಾರೀ ಯೋಜನೆಯನ್ನು ಸಾರಿದರು. ಜನ ಅದಕ್ಕೆ ಗುಲಾಬಿ ತೋಟ ಎಂದು ಹೆಸರಿಟ್ಟರು. ಹಾಂಗ್‌ಕಾಂಗನ್ನು ಚೀನಾಕ್ಕೆ ಹಸ್ತಾಂತರಿಸುವ ಮೊದಲೇ ಬ್ರಿಟಿಷರು ಖಜಾನೆ ಖಾಲಿ ಮಾಡುತ್ತಾರೆಂದು ಬೀಜಿಂಗ್ ಅನುಮಾನಿಸಿತು. 1991ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಪ್ರಧಾನಿ ಜಾನ್ ಮೇಜರ್ ಬೀಜಿಂಗಿಗೇ ಹೋಗಿ ಚೀನಾದ ಪ್ರಧಾನಿ ಲೀ ಪೆಂಗ್ ಜೊತೆ ಒಪ್ಪಂದಕ್ಕೆ ಸಹಿ ಮಾಡಬೇಕಾಯಿತು.

ಯೋಜನೆಯ ಜಾಣತನ ಇದ್ದದ್ದು ಅದರ ಪಟ್ಟಿಯಲ್ಲಿ. ಹತ್ತು ಕಾಮಗಾರಿಗಳಲ್ಲಿ ನಿಲ್ದಾಣ ಎಂಬುದು ಒಂದು. ಉಳಿದವುಗಳಲ್ಲಿ ಹೆಚ್ಚಿನವು ದಾರಿಗಳು: ಸೇತುವೆ, ಹೆದ್ದಾರಿ, ಕೊಲ್ಲಿಯ ಅಡಿಯ ಸುರಂಗ, ಮತ್ತು ರೈಲು. ಜೊತೆಗೆ ಒಂದು ಹೊಸ ಊರು. ವಿಮಾನವನ್ನು ಊರಿಂದ ದೂರ ಒಯ್ಯಬೇಕಾದರೆ ಊರನ್ನು ವಿಮಾನದ ಹತ್ತಿರ ತರುವ ಗಾಡಿ ಮೊದಲು ಬೇಕೆಂದು ಇದನ್ನು ಬರೆದವರಿಗೆ ಗೊತ್ತಿತ್ತು.

ಗೊತ್ತಿಲ್ಲದೆ ಹೊರಟವರ ಪಾಡನ್ನು ಆ ಹೊತ್ತಿಗೆ ಜಗತ್ತು ಕೆನಡಾದಲ್ಲಿ ನೋಡಿತ್ತು. ಮಾಂಟ್ರಿಯಲ್ ನಗರದ ವಿಮಾನದ ಸದ್ದಿಗೂ ಇಕ್ಕಟ್ಟಿಗೂ ಪರಿಹಾರವೆಂದು ಅಲ್ಲಿನ ಸರ್ಕಾರ ಊರಿಂದ ಬಹುದೂರ ಮಿರಾಬೆಲ್ ಎಂಬಲ್ಲಿ ಸುಮಾರು 97,000 ಎಕರೆ ನೆಲ ವಶಪಡಿಸಿಕೊಂಡಿತು. ಸದ್ದು ಯಾರ ಮನೆಗೂ ಮುಟ್ಟಬಾರದೆಂದು ಸುತ್ತಲೂ ಖಾಲಿ ನೆಲ ಬಿಡುವುದು ಉದ್ದೇಶವಾಗಿತ್ತು. ಸಾವಿರಾರು ರೈತ ಕುಟುಂಬಗಳು ಎತ್ತಂಗಡಿಯಾದವು. 1975ರಲ್ಲಿ ನಿಲ್ದಾಣ ತೆರೆಯಿತು. ಊರಿಂದ ಅಲ್ಲಿಗೆ ಬರಬೇಕಿದ್ದ ವೇಗದ ರೈಲು ಮಾತ್ರ ಬರಲೇ ಇಲ್ಲ. ಅಷ್ಟು ದೂರ ಕಾರಿನಲ್ಲಿ ಯಾರು ಹೋಗುತ್ತಾರೆ? ಪ್ರಯಾಣಿಕರು ಊರಿನ ಮಗ್ಗುಲಿನ ಹಳೆಯ ಡೋರ್ವಲ್ ನಿಲ್ದಾಣವನ್ನು ಬಿಡಲಿಲ್ಲ. ವಶಪಡಿಸಿಕೊಂಡ ನೆಲದ ಬಹುಪಾಲನ್ನು 1980ರ ದಶಕದಲ್ಲಿ ವಾಪಸು ಕೊಡುವುದಾಯಿತು. 2004ರಲ್ಲಿ ಕೊನೆಯ ಪ್ರಯಾಣಿಕ ವಿಮಾನ ಹಾರಿತು, ಹತ್ತು ವರ್ಷದ ನಂತರ ಟರ್ಮಿನಲ್ಲನ್ನೇ ಕೆಡವಿದರು. ಡೋರ್ವಲ್ ಸುತ್ತಲಿನ ಮನೆಗಳ ಮೇಲೆ ವಿಮಾನಗಳು ಇಂದಿಗೂ ಇಳಿಯುತ್ತವೆ. ಸದ್ದಿಗೆ ಬೇಕಾದ ನೆಲವೆಲ್ಲ ಮಿರಾಬೆಲ್‌ನಲ್ಲಿತ್ತು, ಹಳಿ ಇರಲಿಲ್ಲ.

ಒಸಾಕಾದಲ್ಲಿ ಆದದ್ದು ಇನ್ನೊಂದು ಬಗೆ. ಅಲ್ಲಿನ ಇತಾಮಿ ನಿಲ್ದಾಣದ ಅಕ್ಕಪಕ್ಕದ ನಿವಾಸಿಗಳು 1969ರಲ್ಲೇ ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ಹೈಕೋರ್ಟು ರಾತ್ರಿ 9ರ ನಂತರ ವಿಮಾನ ಬೇಡವೆಂದಿತು. 1981ರಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆದು, ಆಗಿಹೋದ ಹಾನಿಗೆ ಮಾತ್ರ ಪರಿಹಾರ ಕೊಡಿಸಿತು. 1994ರಲ್ಲಿ ಸಮುದ್ರದಲ್ಲಿ ದ್ವೀಪ ಕಟ್ಟಿ ಕಾನ್ಸಾಯ್ ನಿಲ್ದಾಣ ತೆರೆದರು. ಅದಕ್ಕೆ ಮೇಲೆ ರಸ್ತೆ, ಕೆಳಗೆ ರೈಲು ಇರುವ ಸೇತುವೆ ಮೊದಲ ದಿನದಿಂದಲೇ ಇತ್ತು. ಆದರೂ ಇತಾಮಿ ಮುಚ್ಚಲಿಲ್ಲ. ಹೊಸತು ತೆರೆದರೆ ಹಳೆಯದು ತಾನಾಗಿ ಮುಚ್ಚುವುದಿಲ್ಲ. ಮುಚ್ಚುವುದನ್ನು ಬೇರೆಯಾಗಿಯೇ ತೀರ್ಮಾನಿಸಬೇಕು.

ಹಾಂಗ್‌ಕಾಂಗ್ ಎರಡನ್ನೂ ಮಾಡಿತು. ಚೆಕ್ ಲಾಪ್ ಕಾಕ್ ಮತ್ತು ಪಕ್ಕದ ಇನ್ನೊಂದು ದ್ವೀಪವನ್ನು ಸಿಡಿಸಿ ಸಮತಟ್ಟು ಮಾಡಿದರು. ಆ ಕಲ್ಲುಮಣ್ಣನ್ನೂ ಸಮುದ್ರದ ತಳದಿಂದ ಎತ್ತಿದ ಮರಳನ್ನೂ ಸುರಿದು 1,248 ಹೆಕ್ಟೇರಿನ ನೆಲ ಮಾಡಿದರು. ಅದರ ಮುಕ್ಕಾಲು ಪಾಲು ಹಿಂದೆ ನೀರು. 1997ರಲ್ಲಿ ತ್ಸಿಂಗ್ ಮಾ ತೂಗುಸೇತುವೆ ತೆರೆಯಿತು. ಅದರ ನಡು ಅಂಕಣ 1,377 ಮೀಟರ್, ಮೇಲಿನ ಹಂತದಲ್ಲಿ ವಾಹನ, ಕೆಳಗಿನ ಮುಚ್ಚಿದ ಹಂತದಲ್ಲಿ ರೈಲು. ಚಂಡಮಾರುತದ ದಿನವೂ ದಾರಿ ಕಡಿಯಬಾರದೆಂದು ಈ ಏರ್ಪಾಡು. 1998ರ ಜೂನ್‌ನಲ್ಲಿ ತುಂಗ್ ಚುಂಗ್ ಮಾರ್ಗದ ರೈಲು ಓಡಲಾರಂಭಿಸಿತು, ಅಂದರೆ ನಿಲ್ದಾಣ ತೆರೆಯುವುದಕ್ಕೆ ಎರಡು ವಾರ ಮೊದಲು. ನಿಲ್ದಾಣಕ್ಕೆಂದೇ ಇರುವ ಏರ್‌ಪೋರ್ಟ್ ಎಕ್ಸ್‌ಪ್ರೆಸ್, ನಿಲ್ದಾಣ ತೆರೆದ ದಿನವೇ ಹೊರಟಿತು. ಗಂಟೆಗೆ 135 ಕಿಲೋಮೀಟರ್ ವೇಗದ ಗಾಡಿ, ಪಟ್ಟಣದ ನಡುವಿನಿಂದ ಟರ್ಮಿನಲ್‌ಗೆ ಇಪ್ಪತ್ತಮೂರು-ಇಪ್ಪತ್ತನಾಲ್ಕು ನಿಮಿಷ. ಪಟ್ಟಣದ ಸ್ಟೇಷನ್ನಿನಲ್ಲೇ ಲಗೇಜು ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆದು ಕೈಬೀಸಿಕೊಂಡು ರೈಲು ಹತ್ತಬಹುದಿತ್ತು.

ಹಳಿಗೆ ಹಣ ಬಂದ ದಾರಿಯೂ ನೋಡತಕ್ಕದ್ದು. ಮಾರ್ಗದ ಸ್ಟೇಷನ್ನುಗಳ ಮೇಲೆ ಕಟ್ಟಡ ಕಟ್ಟುವ ಹಕ್ಕನ್ನು ಸರ್ಕಾರ ರೈಲು ನಿಗಮಕ್ಕೇ ಕೊಟ್ಟಿತು. ವಿಮಾನ ಹೋದ ಮೇಲೆ ಎತ್ತರದ ಮಿತಿ ಸಡಿಲವಾಗುವುದೆಂದು ಎಲ್ಲರಿಗೂ ತಿಳಿದಿತ್ತು. ಕೌಲೂನ್ ಸ್ಟೇಷನ್ನಿನ ತಲೆಯ ಮೇಲೆ ಇಂದು 484 ಮೀಟರ್ ಎತ್ತರದ ಗೋಪುರ ನಿಂತಿದೆ. ರೈಲು ಕರೆದೊಯ್ಯುವ ನಿಲ್ದಾಣ ದೂರವಾಗಿದ್ದಕ್ಕೇ ಆ ಆಕಾಶ ಸಿಕ್ಕಿತು, ಆ ಆಕಾಶ ಮಾರಿ ಬಂದ ಹಣ ಹಳಿಗೆ ಹೋಯಿತು. ಕೊಡುಕೊಳ್ಳುವ ಈ ಲೆಕ್ಕ ಅಪರೂಪದ್ದು. ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಎಕ್ಸ್‌ಪ್ರೆಸ್ ರೈಲಿನ ಟಿಕೆಟು ಅಗ್ಗವಲ್ಲ. ನಿಲ್ದಾಣದಲ್ಲಿ ಮೂಟೆ ಹೊರುವವರು, ಅಡುಗೆ ಮಾಡುವವರು, ಗುಡಿಸುವವರು ಬರುವುದು ಬಸ್ಸಿನಲ್ಲಿ. ಕಡಿಮೆ ದರದ ಬಸ್ಸುಗಳು ಬಡಾವಣೆ ಬಡಾವಣೆ ಸುತ್ತಿ ಹೋಗುತ್ತವೆ. ಈ ಬಸ್ಸುಗಳಿಲ್ಲದೆ ರೈಲೊಂದೇ ಇದ್ದಿದ್ದರೆ ನಿಲ್ದಾಣ ನಡೆಯುತ್ತಿರಲಿಲ್ಲ.

1998ರ ಜುಲೈ 5ರ ರಾತ್ರಿ. ಕೌಲೂನ್ ಸಿಟಿಯ ತಾರಸಿಗಳ ಮೇಲೆ, ಬೇಲಿಯ ಪಕ್ಕ, ಪಾರ್ಕಿಂಗ್ ಕಟ್ಟಡದ ಮಾಳಿಗೆಯ ಮೇಲೆ ಜನ ಸೇರಿದ್ದರು. 11.38ಕ್ಕೆ ಚಾಂಗ್‌ಕಿಂಗ್‌ನಿಂದ ಬಂದ ಡ್ರ್ಯಾಗನ್ ಏರ್ ವಿಮಾನ ಇಳಿಯಿತು. ಅದೇ ಕೊನೆಯ ಇಳಿತ. 12 ಗಂಟೆ ದಾಟಿ ಎರಡು ನಿಮಿಷಕ್ಕೆ ಲಂಡನ್ನಿಗೆ ಹೊರಟ ಕ್ಯಾಥೇ ಪೆಸಿಫಿಕ್ ವಿಮಾನ ಮೇಲೆದ್ದಿತು. ಅದೇ ಕೊನೆಯ ಪ್ರಯಾಣಿಕ ವಿಮಾನ. ಒಂದು ಗಂಟೆ ಕಳೆದ ಮೇಲೆ ನಾಗರಿಕ ವಿಮಾನಯಾನ ನಿರ್ದೇಶಕ ರಿಚರ್ಡ್ ಸೀಗಲ್ ಗೋಪುರದಲ್ಲಿ ನಿಂತು ಕೈ ಟಾಕ್‌ಗೆ ವಿದಾಯ ಹೇಳಿ, ಧನ್ಯವಾದ ಹೇಳಿ, ರನ್‌ವೇ ದೀಪ ಆರಿಸಿದರು. ಆ ರಾತ್ರಿಯಿಡೀ ಲಾರಿಗಳ ಸಾಲು ಸಾಮಾನು ಹೊತ್ತು ತ್ಸಿಂಗ್ ಮಾ ಸೇತುವೆಯ ಮೇಲೆ ಸಾಗಿತು. ಬೆಳಗಾಗುವಷ್ಟರಲ್ಲಿ ಹೊಸ ನಿಲ್ದಾಣ ಕೆಲಸ ಶುರುಮಾಡಿತ್ತು. ಮೊದಲ ವಾರಗಳು ಕೆಟ್ಟವು. ಸರಕು ವಿಂಗಡಿಸುವ ಕಂಪ್ಯೂಟರ್ ವ್ಯವಸ್ಥೆ ಕುಸಿದು, ಸಾಮಾನನ್ನು ಹಳೆಯ ಕೈ ಟಾಕ್‌ನ ಗೋದಾಮುಗಳ ಮೂಲಕ ಸಾಗಿಸಬೇಕಾಯಿತು.

ಕೌಲೂನ್ ಸಿಟಿಯಲ್ಲಿ ಮಾತ್ರ ಜುಲೈ 6ರಂದು ಬೆಳಿಗ್ಗೆ ಸದ್ದು ಬರಲಿಲ್ಲ. 3,80,000 ಜನರಿಗೆ ಒಂದೇ ರಾತ್ರಿಯಲ್ಲಿ ಇಂಥ ಬಿಡುಗಡೆ ಸಿಕ್ಕ ಉದಾಹರಣೆ ನಗರಗಳ ಚರಿತ್ರೆಯಲ್ಲಿ ತುಂಬ ವಿರಳ. ಕಿಟಕಿಯ ಗಾಜಿನಿಂದ, ಕರ್ಫ್ಯೂವಿನಿಂದ, ಇಂಜಿನ್ನಿನ ಸುಧಾರಣೆಯಿಂದ ಆಗದಿದ್ದದ್ದು ಒಂದು ಸ್ವಿಚ್ಚಿನಿಂದ ಆಯಿತು, ಆದರೆ ಆ ಸ್ವಿಚ್ಚಿನ ಹಿಂದೆ ಒಂಬತ್ತು ವರ್ಷದ ಹಳಿ, ಸೇತುವೆ, ಸುರಂಗದ ಕೆಲಸವಿತ್ತು.

ಹೊಸ ಜಾಗದಲ್ಲಿ ಗೆರೆಯನ್ನು ಮೊದಲೇ ಎಳೆದಿದ್ದರು. ಎನ್‌ಇಎಫ್ ಎಂಬ ಅಳತೆಯೊಂದಿದೆ. ಒಂದೊಂದು ವಿಮಾನದ ಸದ್ದು ಎಷ್ಟು, ದಿನಕ್ಕೆ ಎಷ್ಟು ವಿಮಾನ, ಯಾವ ಹೊತ್ತಿನಲ್ಲಿ ಎಂಬುದನ್ನೆಲ್ಲ ಕೂಡಿಸಿ ನಕ್ಷೆಯ ಮೇಲೆ ಸದ್ದಿನ ಗೆರೆಗಳನ್ನು ಬರೆಯುವ ವಿಧಾನ ಅದು. ಅದರ ಲೆಕ್ಕದಲ್ಲಿ ರಾತ್ರಿ ಹಾರಿದ ಒಂದು ವಿಮಾನ ಹಗಲು ಹಾರಿದ ಸುಮಾರು ಹದಿನೇಳು ವಿಮಾನಗಳಿಗೆ ಸಮ. ನಿದ್ದೆಯ ಬೆಲೆಯನ್ನು ಗಣಿತಕ್ಕೆ ತಂದ ಆ ತಜ್ಞರಿಗೆ ನಮಸ್ಕಾರ ಹೇಳಬೇಕು. ಹೊಸ ನಿಲ್ದಾಣದ ಸುತ್ತ ಎನ್‌ಇಎಫ್ 25ರ ಗೆರೆಯ ಒಳಗೆ ವಸತಿ ಇರಬಾರದೆಂದು ಹಾಂಗ್‌ಕಾಂಗ್ ತನ್ನ ನಗರ ಯೋಜನೆಯ ನಿಯಮಗಳಲ್ಲಿ ಬರೆಯಿತು. ನಿಲ್ದಾಣಕ್ಕೆ ಅಂಟಿಕೊಂಡೇ ಬೆಳೆದ ತುಂಗ್ ಚುಂಗ್ ಹೊಸ ಊರನ್ನು ಆ ಗೆರೆಯ ಆಚೆ ಕಟ್ಟಿದರು.

ಆದರೆ ಸದ್ದಿಗೆ ಗೆರೆ ಕಾಣುವುದಿಲ್ಲ. ಹೊಸ ನಿಲ್ದಾಣಕ್ಕೆ ರಾತ್ರಿಯ ಬಿಡುವಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ವಿಮಾನ. 1998ರಲ್ಲೇ ಷಾ ಟಿನ್, ಮಾ ವಾನ್ ಕಡೆಯ ಜನರಿಂದ ದೂರುಗಳು ಬರತೊಡಗಿದವು. ಅದುವರೆಗೆ ವಿಮಾನದ ಸದ್ದನ್ನೇ ಅರಿಯದ ಮನೆಗಳು ಅವು. ಗೆರೆಯ ಹೊರಗಿದ್ದೀರಿ ಎನ್ನುವ ಉತ್ತರ ನಡುರಾತ್ರಿ ಎರಡು ಗಂಟೆಗೆ ಎಚ್ಚರವಾದವರಿಗೆ ಸಮಾಧಾನ ಕೊಡುವುದಿಲ್ಲ. ಅವರ ದೂರು ಫಲ ಕೊಟ್ಟಿತು. ಗಾಳಿ ಒಪ್ಪಿದರೆ ನಡುರಾತ್ರಿಯಿಂದ ಬೆಳಿಗ್ಗೆ 7ರವರೆಗೆ ವಿಮಾನಗಳು ನೈಋತ್ಯದಿಂದ, ಸಮುದ್ರದ ಮೇಲಿಂದಲೇ ಇಳಿಯಬೇಕೆಂಬ ಏರ್ಪಾಡು ಅದೇ ವರ್ಷ ಬಂತು. ಹಾರುದಾರಿಯ ಕೆಳಗೆ ಅಲ್ಲಲ್ಲಿ ಸದ್ದು ಅಳೆಯುವ ಯಂತ್ರಗಳನ್ನು ನಿಲ್ಲಿಸಿದರು. ಮೂರನೆಯ ರನ್‌ವೇ 2022ರಲ್ಲಿ ಸೇರಿಕೊಂಡಿದೆ. ಅದಕ್ಕಾಗಿ ಮತ್ತೆ 650 ಹೆಕ್ಟೇರಿನಷ್ಟು ಸಮುದ್ರ ತುಂಬಿದರು. ಆ ನೀರಿನಲ್ಲಿ ಮೊದಲೇ ವಿರಳವಾಗಿದ್ದ ಬಿಳಿ ಡಾಲ್ಫಿನ್‌ಗಳಿಗೆ ಈ ಲೆಕ್ಕದಲ್ಲಿ ಯಾವ ಗೆರೆಯೂ ಇರಲಿಲ್ಲ.

ಈ ಕಥೆಯನ್ನು ಓದುವ ಬೆಂಗಳೂರಿನವರಿಗೆ 2008ರ ಮೇ ತಿಂಗಳು ನೆನಪಾಗದೆ ಇರದು. ಕೈ ಟಾಕ್ ಮುಚ್ಚಿ ಹತ್ತು ವರ್ಷವಾದ ಮೇಲೆ, 23-24ರ ನಡುರಾತ್ರಿ ಎಚ್‌ಎಎಲ್ ನಿಲ್ದಾಣದಿಂದ ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದವು. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ವಿಮಾನ ಕಾರ್ಖಾನೆ ಹಾಕಿದಾಗ ಎಚ್‌ಎಎಲ್‌ನ ಆ ಜಾಗ ಊರಿನ ಆಚೆಯಿತ್ತು. ದೊಮ್ಮಲೂರು, ಕೋಡಿಹಳ್ಳಿ, ಮುರುಗೇಶಪಾಳ್ಯ, ಮಾರತ್ತಹಳ್ಳಿಗಳು ಬೆಳೆದು ಅದನ್ನು ಊರಿನ ಒಳಗೆ ತಂದುಕೊಂಡವು. ಅಚ್ಚರಿಯೆಂದರೆ, ಎಚ್‌ಎಎಲ್ ನಿಲ್ದಾಣ ಮುಚ್ಚಬಾರದೆಂದು ಬೆಂಗಳೂರಿನಲ್ಲಿ ಪ್ರತಿಭಟನೆಯೇ ನಡೆಯಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ತಲೆಯ ಮೇಲಿನ ಸದ್ದು ತೊಲಗಲೆಂದು ಬಯಸಬೇಕಾದ ಊರು ಅದು ಉಳಿಯಲೆಂದು ಏಕೆ ಕೇಳಿತು? ಉತ್ತರ ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯ ಮೇಲಿತ್ತು. ಹೊಸ ನಿಲ್ದಾಣ ತೆರೆದ ದಿನ ಅಲ್ಲಿಗೆ ರೈಲು ಇರಲಿಲ್ಲ. ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ಆ ಕೊರತೆಯನ್ನು ಹೊತ್ತವು, ಇಂದಿಗೂ ಹೊರುತ್ತಿವೆ. ಆ ಚಾಲಕ-ನಿರ್ವಾಹಕರ ಶ್ರಮಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ದೊಡ್ಡ ರೈಲಿಗೊಂದು ಹಾಲ್ಟ್ ಸ್ಟೇಷನ್ ಬಂದದ್ದು 2021ರ ಜನವರಿಯಲ್ಲಿ. ಅಲ್ಲಿಂದ ಟರ್ಮಿನಲ್‌ಗೆ ಮತ್ತೊಂದು ಬಸ್ಸು ಹಿಡಿಯಬೇಕು. ಮೆಟ್ರೊದ ನೀಲಿ ಮಾರ್ಗದ ಕಾಮಗಾರಿ ಶುರುವಾಗುವಷ್ಟರಲ್ಲಿ ನಿಲ್ದಾಣಕ್ಕೆ ಹತ್ತು ವರ್ಷ ದಾಟಿತ್ತು. ಹಾಂಗ್‌ಕಾಂಗಿನಲ್ಲಿ ರೈಲು ಎರಡು ವಾರ ಮೊದಲು ಬಂತು.

ದೇವನಹಳ್ಳಿಯ ಸುತ್ತ ದ್ರಾಕ್ಷಿ, ಚಕ್ಕೋತದ ತೋಟಗಳಿದ್ದ ಕಡೆ ಈಗ ಲೇಔಟಿನ ಕಲ್ಲುಗಳು ನಿಂತಿವೆ. ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ನಿಲ್ದಾಣಕ್ಕೆ ಎಷ್ಟು ನಿಮಿಷ ಎಂಬುದು ದೊಡ್ಡ ಅಕ್ಷರದಲ್ಲಿರುತ್ತದೆ. ಕಟ್ಟಡದ ಎತ್ತರ ಎಷ್ಟಿರಬೇಕೆಂದು ತೋರಿಸುವ ಬಣ್ಣದ ನಕ್ಷೆ ಇದೆ. ಫ್ಲ್ಯಾಟ್ ಕೊಳ್ಳಲು ಸಾಲ ಮಾಡಿದ ಕುಟುಂಬಕ್ಕೆ ಆ ನಕ್ಷೆಯಿಂದ ರಾತ್ರಿಯ ಸದ್ದು ಎಷ್ಟೆಂದು ತಿಳಿಯುವುದಿಲ್ಲ. 2019ರ ಡಿಸೆಂಬರಿನಿಂದ ಅಲ್ಲಿ ಎರಡನೆಯ ರನ್‌ವೇಯೂ ಇದೆ. ಕೌಲೂನಿನಲ್ಲಿ ಮೊದಲು ಮನೆ ತುಂಬಿ, ಆಮೇಲೆ ಗಾಜು ಹಾಕಿಸಿದ ಕ್ರಮ ಇಲ್ಲಿ ಮರುಕಳಿಸಬಾರದು. ಸದ್ದಿನ ಗೆರೆಯನ್ನು ಲೇಔಟಿನ ಕಲ್ಲಿಗಿಂತ ಮೊದಲು ನೆಡುವ ಅವಕಾಶ ದಿನದಿನಕ್ಕೆ ಕಿರಿದಾಗುತ್ತಿದೆ.

ಕೈ ಟಾಕ್‌ನ ರನ್‌ವೇ ಇನ್ನೂ ಇದೆ. ಸಮುದ್ರದೊಳಕ್ಕೆ ಚಾಚಿದ ಆ ಬೆರಳಿನ ತುದಿಯಲ್ಲಿ 2013ರಿಂದ ಪ್ರವಾಸಿ ಹಡಗುಗಳು ಬಂದು ನಿಲ್ಲುತ್ತವೆ. ನಿಲ್ದಾಣವಿದ್ದ ನೆಲದಡಿ 2020ರಿಂದ ಮೆಟ್ರೊ ಓಡುತ್ತಿದೆ. ಸುಂಗ್ ವಾಂಗ್ ತೊಯ್ ಸ್ಟೇಷನ್ನಿಗೆ ನೆಲ ಅಗೆದಾಗ ಸುಂಗ್ ಕಾಲದ ಬಾವಿ, ಮಡಕೆ ಚೂರುಗಳು ಸಿಕ್ಕವು. ವಿಮಾನಗಳ ಕೆಳಗೆ ಅವು ಹಾಗೇ ಮಲಗಿದ್ದವು. 2025ರಲ್ಲಿ ಅದೇ ನೆಲದ ಮೇಲೆ 50,000 ಆಸನಗಳ ಕ್ರೀಡಾಂಗಣ ತೆರೆಯಿತು.

ಹಳೆಯ ನಿಲ್ದಾಣದ ಉತ್ತರ ಭಾಗದಲ್ಲಿ ಸರ್ಕಾರ ಎರಡು ವಸತಿ ಸಮುಚ್ಚಯ ಕಟ್ಟಿದೆ. ಎರಡೂ ಸೇರಿ 13,000ದಷ್ಟು ಮನೆ, ಬಾಡಿಗೆ ಬಡವರಿಗೆ ನಿಲುಕುವಷ್ಟು. ಒಂದರ ಹೆಸರು ಕೈ ಚಿಂಗ್, ಇನ್ನೊಂದರದು ಟಾಕ್ ಲಾಂಗ್. ಚೀನೀ ಅಕ್ಷರಗಳಲ್ಲಿ ಎರಡೂ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಓದಿದರೆ ಕೈ ಟಾಕ್ ಎಂದಾಗುತ್ತದೆ. ಎರಡನೆಯ ಅಕ್ಷರಗಳನ್ನು ಜೋಡಿಸಿದರೆ ಚಿಂಗ್ ಲಾಂಗ್, ಅಂದರೆ ಮೋಡವಿಲ್ಲದ ತಿಳಿ ಆಕಾಶ. 2013ರಲ್ಲಿ ಅಲ್ಲಿಗೆ ಸಂಸಾರಗಳು ಬಂದವು. ಹೋ ಕೈ ಮತ್ತು ಔ ಟಾಕ್ ಆ ನೆಲದ ಮೇಲೆ ಮನೆ ಕಟ್ಟಬೇಕೆಂದುಕೊಂಡು ಆಗಲೇ ನೂರು ವರ್ಷವಾಗಿತ್ತು.